ಬೀಚನಹಳ್ಳಿಯ ಪ್ಯಾನ್ಸಿ ಕುಂಡಗಳು

ತೊಂಬತ್ತೆಂಟರ ಡಿಸೆಂಬರಿನ ಒಂದು ಬೆಳಗ್ಗೆ ಯಶೋದಮ್ಮ ಕಣ್ಣು ಕೆಂಪಗೆ ಮಾಡಿಕೊಂಡು ಮಂಚಯ್ಯನವರ ಜಗಲಿಗೆ ಬಂದರು. ಮಂಚಯ್ಯ ನಿವೃತ್ತ ಪೊಲೀಸ್ ಜಮಾದಾರರು. ಬೀಚನಹಳ್ಳಿಯಲ್ಲಿ ಏನು ಕಳುವಾದರೂ ಜನ ಮೊದಲು ಬರುತ್ತಿದ್ದುದು ಅವರಲ್ಲಿಗೇ. ಸೈಕಲ್ ಶಾಪಿನ ನಟರಾಜು ಸದಾ ಅವರ ಜೊತೆಗಿರುತ್ತಿದ್ದ.

ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿದ್ದ ಯಶೋದಮ್ಮನ ಅಂಗಳದಿಂದ ಮೂರು ಪ್ಯಾನ್ಸಿ ಹೂವಿನ ಕುಂಡಗಳು ಹೋಗಿದ್ದವು. ಊಟಿಯಿಂದ ಮೊದಲು ಬೀಜ ತಂದವಳು ಮಗಳು ರಮ್ಯಾ. ಅವಳು ತಾನು ಮೆಚ್ಚಿದವನನ್ನು ಮದುವೆಯಾಗಿ ಹುಣಸೂರು ಸೇರಿದ ಮೇಲೆ ಅಪ್ಪ ಉಮಾಶಂಕರ ಮನೆಯಲ್ಲಿ ಅವಳ ಹೆಸರೆತ್ತಗೊಡಲಿಲ್ಲ. ತಾಯಿ ಮಾತ್ರ ಪ್ರತಿ ಚಳಿಗಾಲ ಸಸಿ ಮಾಡಿ, ಬಾಡಿದ ಹೂ ಚಿವುಟಿ, ಮಗಳನ್ನೇ ಸಾಕಿದಂತೆ ಆ ಗಿಡಗಳನ್ನು ಸಾಕುತ್ತಿದ್ದರು. ಕತ್ತಲಿರುವಾಗಲೇ ಗೇಟಿನೊಳಗೆ ಬರುವವನು ಹಾಲಿನ ಕುಳ್ಳಯ್ಯ ಒಬ್ಬನೇ, ಕದ್ದವನು ಅವನೇ ಎಂದು ಅವರ ಗುಮಾನಿ. ಸುದ್ದಿ ಹಬ್ಬಿ, ಅಕ್ಕಪಕ್ಕದವರು ಆ ಬೆಳಗ್ಗೆಯೇ ಅವನ ಹಾಲನ್ನು ನಿಲ್ಲಿಸಿಬಿಟ್ಟಿದ್ದರು.

ಮಂಚಯ್ಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು. ಚೆನ್ನಾಗಿ ಅರಳಿದ ಕುಂಡಗಳು ಹಾಗೇ ಇದ್ದವು. ಹೋದದ್ದು ಮೊಗ್ಗು ತುಂಬಿದವು. ಉಳಿದ ಕುಂಡಗಳ ಮಣ್ಣು ಒಣಗಿತ್ತು, ಹೋದವುಗಳ ಜಾಗದಲ್ಲಿ ಮಾತ್ರ ನೆಲ ಒದ್ದೆ. ಗೇಟಿನ ಬಳಿ ನಿಂತಿದ್ದ ಉಮಾಶಂಕರರ ಸ್ಕೂಟರಿನಲ್ಲಿ, ಕಾಲಿಡುವ ಜಾಗದಲ್ಲಿ, ಗೋಣಿಯ ನಾರು ಅಂಟಿತ್ತು. ಅದನ್ನು ನಟರಾಜುವೂ ನೋಡಿದ, ಏನೂ ಹೊಳೆಯಲಿಲ್ಲ. ಸ್ಪ್ಯಾನರ್ ಕಳೆದರೂ ಬೀದಿಗೆ ಕೇಳುವಂತೆ ಕೂಗಾಡುವ ಉಮಾಶಂಕರ ಆ ದಿನ, ಹೂವಿನ ಗಿಡ ತಾನೇ, ಹೋಗಲಿ ಬಿಡಿ ಎಂದಷ್ಟೇ ಅಂದರು.

ಸಂಜೆ ಮಂಚಯ್ಯ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಕುಳ್ಳಯ್ಯ ದೂರದಲ್ಲೇ ನಿಂತ. "ನಾನು ಮುಟ್ಟಿಲ್ಲ ಕಣವ್ವ," ಎಂದ.

"ನೀನಲ್ಲ, ಗೊತ್ತು," ಎಂದರು ಮಂಚಯ್ಯ. ಅವನ ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ತೂಗುವಾಗ ಕುಂಡಗಳಿಗೆ ಜಾಗವೆಲ್ಲಿ? ಹೂವಿನ ಆಸೆಗೆ ಬಂದವನಾದರೆ ಅರಳಿದ್ದನ್ನೇ ಒಯ್ಯುತ್ತಿದ್ದ. ಮೊಗ್ಗಿನದ್ದನ್ನು ಆರಿಸಿ, ಬೇರು ಒಣಗದಂತೆ ನೀರು ಹಾಕಿ, ಅಲುಗದಂತೆ ಗೋಣಿಯ ಮೇಲಿಟ್ಟವನಿಗೆ ಅವು ಇನ್ನೊಂದು ಮನೆಯಲ್ಲಿ ಅರಳಬೇಕಿತ್ತು. ಅವರು ಉಮಾಶಂಕರರತ್ತ ತಿರುಗಿದರು. "ಹುಣಸೂರಿಗೆ ಹೋಗಿದ್ರಲ್ವಾ, ಸಾರ್?"

ಉಮಾಶಂಕರ ತಲೆ ತಗ್ಗಿಸಿದರು.

"ನರ್ಸರೀಲಿ ಅವಳನ್ನ ಕಂಡೆ. ಪ್ಯಾನ್ಸಿ ಸಸಿ ಕೇಳಿದ್ಲು, ಇಲ್ಲ ಅಂದ್ರು. ಬರಿಗೈಲಿ ಹೋದ್ಲು. ನಾನು ಮಾತಾಡಿಸ್ಲಿಲ್ಲ. ಮಾರನೇ ದಿನ ಕುಂಡ ಒಯ್ದು ಅವಳ ಮನೆ ಗೇಟಿನ ಒಳಗಿಟ್ಟೆ. ಒಳಗಡೆ ಮಾತಾಡ್ತಿದ್ಲು. ಬೆಲ್ ಒತ್ತೋಕೆ ಕೈ ಬರಲಿಲ್ಲ."

ಕುಳ್ಳಯ್ಯನ ಮೇಲೆ ಅಪವಾದ ಬಂದಾಗಲೂ ನಾಚಿಕೆಗೆ ಬಾಯಿ ಬಿಡಲಿಲ್ಲವೆಂದು ಅವರೇ ಒಪ್ಪಿಕೊಂಡರು.

ಯಶೋದಮ್ಮ ಬಯ್ಯುತ್ತಾರೆಂದು ನಟರಾಜು ಕಾದ. ಅವರು ಕೇಳಿದ್ದು ಒಂದೇ: "ಧ್ವನಿ ಹೆಂಗಿತ್ತು?"

"ಅದೇ ಧ್ವನಿ," ಎಂದರು ಗಂಡ.

ಯಶೋದಮ್ಮ ಕುಳ್ಳಯ್ಯನಿಗೆ ಕೈಮುಗಿದರು. ಅವನ ಹಾಲು ಮತ್ತೆ ಶುರುವಾಗುವಂತೆ ತಾವೇ ಮನೆಮನೆಗೂ ಹೋಗಿ ಹೇಳಿಬಂದರು. ಮರುದಿನ ಗಂಡ ಹೆಂಡತಿ ಸ್ಕೂಟರ್ ಹತ್ತಿ ಹುಣಸೂರಿಗೆ ಹೊರಟರು.

ಮೂರನೆಯ ಬೆಳಗ್ಗೆ ನಟರಾಜು ಕ್ವಾರ್ಟರ್ಸಿನ ದಾರಿಯಲ್ಲಿ ಬಂದಾಗ ಬಾಗಿಲಿಗೆ ಬೀಗವಿತ್ತು. ಕುಳ್ಳಯ್ಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡಿದ್ದ.

"ಸಂಜೆಗೇ ಬತ್ತೀವಿ ಅಂದಿದ್ರು ಕಣ್ಲಾ," ಎಂದ ಅವನು ನಗುತ್ತ. "ಇನ್ನೂ ಬಂದಿಲ್ಲ ಬುಡು."