ನಾಲ್ಕು ಕೈಯ ಬೀಗ

“ಏಳ್ರೀ ಮೇಲೆ! ಮೊದಲು ಅಲ್ಲಿಂದ ಏಳಿ!”

ಹೊಲಿಗೆ ಮನೆಯ ಬಾಗಿಲಲ್ಲಿ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಬೆರಳಲ್ಲಿ ಸೀಮೆಸುಣ್ಣ, ಕಣ್ಣಲ್ಲಿ ಕೆಂಡ!

ಒಳಗೆ ಕೂತಿದ್ದ ಅಪರಿಚಿತ ಗಾಬರಿಯಿಂದ ಎದ್ದ. ಕೂರಲು ಬೇರೇನೂ ಕಾಣದೆ ಮೂಲೆಯ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದ, ಪಾಪ. ಅದು ಹೆಂಗಸರ ಉಳಿತಾಯ ಸಂಘದ ಹಣದ ಪೆಟ್ಟಿಗೆ ಎಂದು ಅವನಿಗೇನು ಗೊತ್ತು?

“ಸಾರಿ ಮೇಡಂ... ನಾನು ಬ್ಯಾಂಕಿನಿಂದ ಬಂದೆ. ಫೋನಲ್ಲೇ ಉಳಿತಾಯ, ಫೋನಲ್ಲೇ ಸಾಲ ಹೇಗೆ ಅಂತ ಕಲಿಸೋಕೆ.”

“ಬ್ಯಾಂಕಿನವರು ಹಣ ಕಾಯ್ತಾರೆ ಅಂತ ಕೇಳಿದ್ದೆ. ಅದರ ಮೇಲೇ ಕೂರ್ತಾರೆ ಅಂತ ಇವತ್ತೇ ನೋಡಿದ್ದು!”

ಹೊಲಿಗೆ ಯಂತ್ರಗಳ ಹಿಂದಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕುಬಿಟ್ಟ. ಬೈಸಿಕೊಂಡವನು ಹೀಗೆ ಮನಸಾರೆ ನಗುವುದೇ? ಅವಳಿಗೆ ಮುಂದಿನ ಮಾತೇ ಮರೆತುಹೋಯಿತು.

‘ಛೆ, ಇವನ ನಗು ಕಟ್ಟಿಕೊಂಡು ನನಗೇನು!’ ಎಂದುಕೊಂಡು ಬೇಗ ಬೇಗ ಬಟ್ಟೆ ಮಡಿಚತೊಡಗಿದಳು.

ವಯಸ್ಸು ಚಿಕ್ಕದಾದರೂ ಅವಳನ್ನು ಊರೆಲ್ಲ ಹೊಲಿಗೆಯಕ್ಕ ಎನ್ನುತ್ತಿತ್ತು. ಸಂಘದ ಅಧ್ಯಕ್ಷೆಯೂ ಅವಳೇ. ಬ್ಯಾಂಕು ಇದ್ದದ್ದು ದೂರದ ಪೇಟೆಯಲ್ಲಿ. ಹೋಗಿ ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಮಣ್ಣುಪಾಲು. ಹಾಗಾಗಿ ಹೆಂಗಸರು ವಾರವಾರವೂ ಅವನ ಪಾಠಕ್ಕೆ ಕೂತರು, ಅವನಿಗೆ ಫೋನ್ ಮೇಷ್ಟ್ರು ಎಂದು ಹೆಸರಿಟ್ಟರು. ಹಾಲು ಮಾರುವಾಕೆ ಸಾಲದ ಕಂತನ್ನು ಕೊಟ್ಟಿಗೆಯಿಂದಲೇ ಕಟ್ಟಿ, “ಹಸು ಒದ್ರೂ ನಾನು ಫೋನ್ ಬಿಡಲಿಲ್ಲ ಮೇಷ್ಟ್ರೇ!” ಎಂದು ಬೀಗಿದಳು.

ಮೇಷ್ಟ್ರು ಎಲ್ಲರನ್ನೂ ಅಕ್ಕ, ಅತ್ತೆ, ಅಜ್ಜಿ ಎನ್ನುತ್ತಿದ್ದ. ಹೊಲಿಗೆಯಕ್ಕನನ್ನು ಮಾತ್ರ ಅಪ್ಪಿತಪ್ಪಿಯೂ ಅಕ್ಕ ಎನ್ನಲಿಲ್ಲ. ಹೆಂಗಸರು ಅದನ್ನು ಗಮನಿಸದೆ ಬಿಡುತ್ತಾರೆಯೇ!

ಜಗಳ ಹತ್ತಿಕೊಂಡದ್ದು ಸಂಘಕ್ಕೆಂದು ಫೋನಿನಲ್ಲಿ ತೆರೆದ ಹೊಸ ಖಾತೆಯ ಗುಟ್ಟಿನ ನಂಬರಿನಿಂದ.

ಪೆಟ್ಟಿಗೆಗೆ ನಾಲ್ಕು ಬೀಗ, ನಾಲ್ಕು ಕೀಲಿ ನಾಲ್ವರ ಬಳಿ. ಎಲ್ಲರೂ ಸೇರದೆ ಮುಚ್ಚಳ ತೆರೆಯುತ್ತಿರಲಿಲ್ಲ. ಫೋನಿನ ಗುಟ್ಟಿನ ನಂಬರಿನಲ್ಲೂ ಅಂಕಿ ನಾಲ್ಕೇ ಎಂದು ತಿಳಿದಾಗ ಅವರಿಗೆ ಹಿಗ್ಗೋ ಹಿಗ್ಗು. ತಲೆಗೊಂದು ಅಂಕಿ! ಮೊದಲನೆಯದು ಹೊಲಿಗೆಯಕ್ಕನದು, ಆಮೇಲೆ ಹಾಲಿನವಳು, ತರಕಾರಿ ಅತ್ತೆ, ಕೊನೆಗೆ ಹೊಲಿಗೆಯಕ್ಕನ ಸ್ವಂತ ಅಜ್ಜಿ. ಒಬ್ಬೊಬ್ಬರೇ ಅಂಗೈ ಅಡ್ಡ ಹಿಡಿದು ತಮ್ಮ ಅಂಕಿ ಒತ್ತುತ್ತಿದ್ದರು. ಉಳಿದವರು ಗೋಡೆ ನೋಡುತ್ತಿದ್ದರು.

ಮೇಷ್ಟ್ರು ತಲೆ ಕೆರೆದುಕೊಂಡ. “ಇದು ನಿಯಮ ಅಲ್ಲ ಮೇಡಂ. ನಂಬರ್ ಒಬ್ಬರ ಹತ್ರನೇ ಇರಬೇಕು. ನೀವೇ ಇಟ್ಕೊಳ್ಳಿ.”

“ನಾಳೆ ನನ್ನ ಬುದ್ಧಿ ಕೆಟ್ರೆ?”

“ನಿಮ್ಮ ಮೇಲೆ ನನಗೆ ನಂಬಿಕೆ ಇದೆ.”

ಆ ಮಾತು ಅವಳಿಗೆ ಹಿತವೆನಿಸಿತು. ಆದರೂ ಅವಳು ಬಗ್ಗಲಿಲ್ಲ.

“ಒಬ್ಬಳನ್ನೇ ನಂಬಿ ಕೂರೋ ಗತಿ ಇವರಿಗೆ ಬರಬಾರದು ಮೇಷ್ಟ್ರೇ. ಕಷ್ಟಪಟ್ಟು ಕೂಡಿಸಿದ ದುಡ್ಡು ಇದು.”

ಅವನು ಫೋನನ್ನು ಜೇಬಿಗಿಳಿಸಿದ. “ಹಾಗಾದ್ರೆ ನಾನು ಇದನ್ನ ಮೇಲಿನವರಿಗೆ ಹೇಳಲೇಬೇಕು,” ಎಂದಷ್ಟೇ ಹೇಳಿ ಬೈಕ್ ಹತ್ತಿದ.

‘ಚಾಡಿ ಹೇಳೋಕೆ ಹೊರಟನಾ? ಇವನೂ ಇಷ್ಟೇನಾ...?’ ಅಂದು ಅವಳ ಹೊಲಿಗೆಯೆಲ್ಲ ಸೊಟ್ಟಗಾಯಿತು.

ಅದರ ಮುಂದಿನ ವಾರವೇ ಸಂಘಕ್ಕೆ ಅದೃಷ್ಟ ಖುಲಾಯಿಸಿತು. ಶಾಲೆಯ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುವ ಕೆಲಸ! ಬಟ್ಟೆಗೆಂದು ಬ್ಯಾಂಕಿನ ಸಾಲ ಖಾತೆಗೆ ಬಂದು ಕೂತಿತ್ತು. ಬಟ್ಟೆ ಅಂಗಡಿಯವನಿಗೆ ಅಂದು ಸಂಜೆಯೊಳಗೆ ಹಣ ಕಳಿಸಿದರೆ ಸರಿ. ಇಲ್ಲದಿದ್ದರೆ ಬಟ್ಟೆಯೂ ಕೆಲಸವೂ ಪೇಟೆಯ ದೊಡ್ಡ ಟೈಲರ್ ಪಾಲು.

ನಾಲ್ವರೂ ಸೇರಿದರು. ಒಬ್ಬೊಬ್ಬರೇ ಒತ್ತಿದರು. ತಪ್ಪು!

ಮತ್ತೆ ಒತ್ತಿದರು. ತಪ್ಪು! ಮೂರನೆಯ ಸಲಕ್ಕೆ ಖಾತೆಯೇ ಮುಚ್ಚಿಕೊಂಡಿತು.

ಹೊಲಿಗೆಯಕ್ಕ ತಕ್ಷಣ ಫೋನ್ ಹಚ್ಚಿದಳು. ಪಕ್ಕದೂರಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟ್ರು ಓಡೋಡಿ ಬಂದ. ಅವನು ಒಳಗೆ ಕಾಲಿಡುವುದೇ ತಡ, ಅವಳು ಸಿಡಿದಳು.

“ಖಾತೆ ನಿಲ್ಲಿಸಿಬಿಟ್ರಾ? ನಾವು ನಿಯಮ ಮೀರಿದ್ದಕ್ಕೆ ಇದು ಶಿಕ್ಷೆನಾ?”

“ನಾನು ಏನೂ ನಿಲ್ಲಿಸಿಲ್ಲ ಮೇಡಂ.”

“ಮೇಲಿನವರಿಗೆ ಹೇಳಿದ್ರೋ ಇಲ್ವೋ?”

“ಹೇಳಿದೆ. ಆದ್ರೆ ಅದು...”

“ಸಾಕು! ಎದುರಿಗೆ ನಂಬಿಕೆ ಮಾತು, ಬೆನ್ನ ಹಿಂದೆ ಚೂರಿ! ಹೊರಡಿ ಇಲ್ಲಿಂದ!”

ಹೆಂಗಸರೆಲ್ಲ ನೋಡುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. ಬೈಕಿನ ಕೀಲಿ ತೆಗೆದುಕೊಂಡು ಹೊರನಡೆದ. ಬೈಕಿನ ಸದ್ದು ದೂರವಾದಾಗ ಅವಳಿಗೆ ಅಳು ಒತ್ತರಿಸಿ ಬಂತು.

“ಅಂಕಿ ಯಾರಾದ್ರೂ ತಪ್ಪಿ ಒತ್ತಿಲ್ಲ ತಾನೇ?” ಹಾಲಿನವಳು ಮೆಲ್ಲಗೆ ಕೇಳಿದಳು.

“ನಾನ್ಯಾಕೆ ತಪ್ಪಿ ಒತ್ತಲಿ?” ಅಜ್ಜಿ ಮೂತಿ ತಿರುವಿದಳು. “ಹೊಸ ಅಂಕಿ ಸರಿಯಾಗೇ ಒತ್ತಿದ್ದೀನಿ.”

“ಹೊಸ... ಅಂಕಿ?!”

“ಹ್ಞೂಂ ಮತ್ತೆ. ಹೋದ ಸಲ ಈ ತರಕಾರಿಯವಳು ಕಳ್ಳಗಣ್ಣಲ್ಲಿ ನೋಡಿದ ಹಾಗಾಯ್ತು. ಬೀಗ ಹಳೇದಾದ್ರೆ ಬದಲಾಯಿಸ್ತಿರಲಿಲ್ವಾ? ಹಾಗೇ ನನ್ನ ಅಂಕಿ ನಾನು ಬದಲಾಯಿಸ್ಕೊಂಡೆ.”

“ಅಯ್ಯೋ ಅಜ್ಜಿ! ಅದನ್ನ ಫೋನಿಗೆ ಹೇಳಿದ್ಯಾ?”

“ಗುಟ್ಟು ಅಂದಿದ್ದು ನೀನೇ ಅಲ್ವೇನೇ? ಫೋನಿಗೂ ಹೇಳಲಿಲ್ಲ!”

ಯಾರಿಗೂ ನಗು ಬರಲಿಲ್ಲ. ಹೊಲಿಗೆಯಕ್ಕ ಬೀದಿಗೆ ಓಡಿದಳು. ರಸ್ತೆ ಖಾಲಿ. ಫೋನ್ ಮಾಡಿದಳು, ಅವನು ಬೇರೆ ಕರೆಯಲ್ಲಿದ್ದ. ಮತ್ತೆ ಮಾಡಿದಳು... ಮತ್ತೆ ಮಾಡಿದಳು. ‘ಏನು ಅಂದುಬಿಟ್ಟೆ ನಾನು? ತಪ್ಪು ಮಾಡದವನಿಗೆ, ಅಷ್ಟು ಜನರ ಮುಂದೆ...’ ಬಿಸಿಲು ಇಳಿಯುತ್ತ ಬಂತು. ಬಟ್ಟೆಯೂ ಕೈತಪ್ಪಿತು, ಅವನೂ ಕೈತಪ್ಪಿದ ಎಂದು ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು.

ಆಗ ಬೈಕು ಬಂದು ನಿಂತಿತು!

“ಯಾರೂ ಹೋಗಬೇಡಿ! ಎಲ್ಲರ ಫೋನ್ ತೆಗೀರಿ!” ಧೂಳು ಮೆತ್ತಿದ ಮುಖದಲ್ಲಿ ಅವನು ಕೂಗಿದ. “ದಿಬ್ಬದ ಮೇಲೆ ಸಿಗ್ನಲ್ ಚೆನ್ನಾಗಿದೆ ಅಂತ ಅಲ್ಲಿಂದಲೇ ಕಚೇರಿ ಜೊತೆ ಮಾತಾಡ್ತಿದ್ದೆ. ಖಾತೆ ತೆರೆಸಿದೆ. ಇನ್ನು ಮೇಲೆ ಸಂಘಕ್ಕೆ ಒಂದೇ ನಂಬರ್ ಅಲ್ಲ. ನಾಲ್ಕು ಜನಕ್ಕೆ ನಾಲ್ಕು ನಂಬರ್. ನಾಲ್ಕೂ ಫೋನಲ್ಲಿ ಒಪ್ಪಿಗೆ ಬಿದ್ರೆ ಮಾತ್ರ ಹಣ ಹೋಗುತ್ತೆ.”

ಅವಳು ಕಣ್ಣರಳಿಸಿದಳು. “ಮೇಲಿನವರಿಗೆ ನೀವು ಹೇಳಿದ್ದು...”

“ಇದನ್ನೇ. ನಿಮ್ಮ ಪದ್ಧತಿನೇ ಸರಿ, ನಿಯಮ ಬದಲಾಗಬೇಕು ಅಂತ. ಮೊದಲು ಬೈದ್ರು. ನಾನು ಬೆನ್ನು ಬಿಡಲಿಲ್ಲ. ಇವತ್ತು ಒಪ್ಪಿದ್ರು. ಇಲ್ಲಿ ಸರಿಹೋದ್ರೆ ಎಲ್ಲ ಊರಿನ ಸಂಘಗಳಿಗೂ ಇದೇ ಬೀಗ ಅಂತೆ!”

ನಾಲ್ಕು ಫೋನುಗಳು ಒಂದರ ಹಿಂದೊಂದು ಮಿನುಗಿದವು. ಅಜ್ಜಿ ಕೊನೆಯವಳಾಗಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒತ್ತಿದಳು.

ಆಮೇಲೆ ಅಂಗಡಿಯವನ ಕರೆ. “ದುಡ್ಡು ಬಂತಮ್ಮ! ಬಟ್ಟೆ ಗಾಡಿಗೆ ಹಾಕಿಸ್ತಿದ್ದೀನಿ!”

ಹೊಲಿಗೆ ಮನೆ ಹಾರಿಹೋಗುವಂತೆ ಕೇಕೆ ಎದ್ದಿತು! ಹಾಲಿನವಳು ತರಕಾರಿ ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇಬಿಟ್ಟಳು.

“ಅಂಕಿ ಬದಲಾಯಿಸೋ ಹಾಗಿಲ್ವೇನಪ್ಪಾ ಇನ್ನು?” ಎಂದಳು ಅಜ್ಜಿ.

“ದಿನಾ ಬದಲಾಯಿಸಿ ಅಜ್ಜಿ. ಫೋನಿಗೆ ಮಾತ್ರ ಒಂದು ಮಾತು ತಿಳಿಸಿಬಿಡಿ.”

ಅವನು ಇನ್ನೇನು ಹೊರಡುವುದರಲ್ಲಿದ್ದ. ಹೊಲಿಗೆಯಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲರೆದುರು ಬೈದೆ. ಅದಕ್ಕೇ ಎಲ್ಲರೆದುರೇ ಹೇಳ್ತೀನಿ. ನಿಮ್ಮ ಮಾತು ಪೂರ್ತಿ ಕೇಳದೆ ಬಾಯಿಗೆ ಬಂದ ಹಾಗೆ ಅಂದೆ. ತಪ್ಪು ನಂದು. ಹೊಟ್ಟೆಗೆ ಹಾಕ್ಕೊಳ್ಳಿ.”

“ಆಗಲೇ ಹಾಕ್ಕೊಂಡೆ.”

“ಇನ್ನೂ ಮುಗಿದಿಲ್ಲ.” ಅವಳ ಕೆನ್ನೆ ಕೆಂಪೇರಿತು, ದನಿ ಮಾತ್ರ ನಡುಗಲಿಲ್ಲ. “ಬೈಕ್ ಸದ್ದು ದೂರ ಹೋದಾಗ ಬಟ್ಟೆಗಿಂತ ನಿಮ್ಮ ಚಿಂತೆನೇ ಜಾಸ್ತಿ ಆಯ್ತು. ನನಗೆ ನೀವು ಇಷ್ಟ. ಮದುವೆ ಆಗ್ತೀರಾ?”

ಯಂತ್ರಗಳೆಲ್ಲ ತಟ್ಟನೆ ನಿಂತವು. ಅಷ್ಟೊಂದು ಹೆಂಗಸರು ಒಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

“ಇದನ್ನ ನಾನು ಕೇಳಬೇಕು ಅಂತಿದ್ದೆ...” ಅವನು ತೊದಲಿದ. “ಪ್ರತಿ ವಾರ ಧೈರ್ಯ ಮಾಡಿ ಬರ್ತಿದ್ದೆ. ನಿಮ್ಮ ಮುಖ ನೋಡ್ತಿದ್ದ ಹಾಗೆ ಕಂತಿನ ಪಾಠ ಶುರು ಮಾಡಿಬಿಡ್ತಿದ್ದೆ!”

“ಈಗ ಉತ್ತರನಾದ್ರೂ ಹೇಳಿ.”

“ಆಗ್ತೀನಿ.”

“ಜೋರಾಗಿ! ತರಕಾರಿ ಅತ್ತೆಗೆ ಕಿವಿ ಮಂದ.”

“ಆಗ್ತೀನಿ!”

ಮತ್ತೆ ಕೇಕೆ, ಚಪ್ಪಾಳೆ! ಅಜ್ಜಿ ಕಣ್ಣೊರೆಸಿಕೊಂಡಳು. ಆ ಗದ್ದಲದ ನಡುವೆ ಹೊಲಿಗೆಯಕ್ಕ ಅವನ ಕೈ ಹಿಡಿದು, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

“ಮುಂದೆಯೂ ಜಗಳ ಆಡ್ತೀನಿ. ಈಗಲೇ ಹೇಳಿರ್ತೀನಿ.”

“ಆಡಿ,” ಅವನು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. “ನಾನೆಲ್ಲೂ ಹೋಗಲ್ಲ.”