ಮನೆ ಬಾಡಿಗೆಗಿದೆ, ಒಳಗೆ ವಿಚಾರಿಸಿ

"ಬಲಗಣ್ಣು ಮುಚ್ಚಿಕೊಳ್ಳಿ. ಈಗ ಓದಿ."

ಕನ್ನಡಕದ ಅಂಗಡಿಯ ಹಿಂಭಾಗದ ಆ ಪುಟ್ಟ ಕೋಣೆಯಲ್ಲಿ ಬೆಳಕು ಬೀಳುತ್ತಿದ್ದುದು ಅಕ್ಷರಗಳ ಹಲಗೆಯ ಮೇಲೆ ಮಾತ್ರ. ಉಳಿದದ್ದೆಲ್ಲ ಕತ್ತಲು. ಆ ಕತ್ತಲಲ್ಲಿ ಕೂತು ಅವಳು ದಿನಕ್ಕೆ ಮೂವತ್ತು ಜನರ ಕಣ್ಣು ನೋಡುತ್ತಿದ್ದಳು. ಕಣ್ಣೆಂದರೆ ಅವಳಿಗೆ ಕೆಲಸ, ಅಷ್ಟೇ.

ಎದುರಿಗೆ ಕೂತವನು ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಿದ. ಅಷ್ಟಕ್ಕೇ ನಿಲ್ಲಲೂ ಇಲ್ಲ.

"ಅದರ ಕೆಳಗೆ ಮುದ್ರಣಾಲಯದ ಹೆಸರಿದೆ. ಅದನ್ನೂ ಓದಲಾ?"

ಅಲ್ಲೊಂದು ಹೆಸರಿದೆಯೆಂದು ಆರು ವರ್ಷದಿಂದ ಅವಳಿಗೇ ಗೊತ್ತಿರಲಿಲ್ಲ!

"ಐದನೇ ಸಾಲಲ್ಲಿ ಒಂದು ಅಕ್ಷರ ಬಲಕ್ಕೆ ವಾಲಿದೆ ನೋಡಿ. ಅಚ್ಚು ಜೋಡಿಸಿದವನು ಅವತ್ತು ಮನೆಯಲ್ಲಿ ಜಗಳ ಆಡಿಕೊಂಡು ಬಂದಿರಬೇಕು."

"ಅದೆಲ್ಲ ನಿಮಗೆ ಹೇಗೆ ಗೊತ್ತು?"

"ನಾನು ಬೋರ್ಡ್ ಬರೆಯೋನು ಮೇಡಂ. ಅಂಗಡಿ ಹೆಸರು, ಡಾಕ್ಟರ ಹೆಸರು, 'ಇಲ್ಲಿ ಗಾಡಿ ನಿಲ್ಲಿಸಬೇಡಿ'... ಎಲ್ಲಾ ನನ್ನದೇ."

ಅವಳು ಪುಟ್ಟ ಟಾರ್ಚ್ ಹಿಡಿದು ಬಾಗಿದಳು. ಮೂರು ಬೆರಳಿನಷ್ಟು ದೂರ. ಅಂಚು ಕೆಂಪಾದ ಕಂದುಗಣ್ಣು ಬೆಳಕಿಗೆ ಕುಗ್ಗಿ, ಮತ್ತೆ ನಿಧಾನವಾಗಿ ಅರಳಿತು. ಅವಳು ಉಸಿರಾಡುವುದನ್ನು ಮರೆತಳು.

"ಕಣ್ಣು ಚೆನ್ನಾಗಿದೆ," ಎಂದಳು, ತಟ್ಟನೆ ಹಿಂದೆ ಸರಿದು. "ಅಂದ್ರೆ... ದೃಷ್ಟಿ. ಉರಿ ಯಾಕೆ ಬರ್ತಿದೆ ಅಂತ ನೋಡಬೇಕು. ಸರಿಯಾಗಿ ನಿದ್ದೆ ಮಾಡ್ತೀರಾ?"

"ಅಂಗಡಿಯಲ್ಲೇ ಮಲಗ್ತೀನಿ, ಬಣ್ಣದ ಡಬ್ಬಗಳ ಮಧ್ಯೆ. ಇದ್ದ ಮನೆಗೆ ಬಾಡಿಗೆ ಒಂದೂವರೆ ಪಟ್ಟು ಮಾಡಿದ್ರು, ಬಿಟ್ಟೆ. ಈಗ ನಾನು ಒಪ್ಪೋ ಮನೆ ನನ್ನನ್ನ ಒಪ್ಪಲ್ಲ, ನನ್ನನ್ನ ಒಪ್ಪೋ ಮನೆಗೆ ಸೂರು ಇರಲ್ಲ."

ದೂರುವ ದನಿಯಲ್ಲ. ಯಾರದೋ ತಮಾಷೆಯ ಕಥೆಯನ್ನು ಹೇಳುವವನಂತೆ ಹೇಳಿದ.

"ನಮ್ಮನೆ ಮೇಲೆ ಒಂದು ಕೋಣೆ ಖಾಲಿ ಇದೆ," ಎಂದಿತು ಅವಳ ಬಾಯಿ.

ಅಪ್ಪನನ್ನು ಕೇಳಬೇಕು, ಅಣ್ಣನನ್ನು ಕೇಳಬೇಕು ಎಂದು ಮನಸ್ಸು ಎಚ್ಚರಿಸುವಷ್ಟರಲ್ಲಿ ಬಾಯಿ ವಿಳಾಸವನ್ನೂ ಕೊಟ್ಟಾಗಿತ್ತು!

*

ಎರಡು ವರ್ಷ ಕಳೆದವು.

ಅವನು ಬರೆದ ಬೋರ್ಡುಗಳು ಒಣಗುತ್ತಿದ್ದುದು ಅವರ ತಾರಸಿಯ ಮೇಲೆ. ಬೆಳಗಿನ ಮಂಜಿನಲ್ಲಿ ಬಟ್ಟೆ ಹರವಲು ಹೋದರೆ ಸುತ್ತಲೂ ಬಿಡಿಬಿಡಿ ಮಾತುಗಳು ಗೋಡೆಗೊರಗಿ ನಿಂತಿರುತ್ತಿದ್ದವು. 'ಶುದ್ಧ ಹಾಲು'. 'ಬೀಗ ರಿಪೇರಿ'. ಇನ್ನೂ ಅರ್ಧವೇ ಆದ 'ಔಷ'. ಬೀದಿಯ ಅಂಗಡಿಗಳೆಲ್ಲ ರಾತ್ರಿ ಮೆಟ್ಟಿಲು ಹತ್ತಿ ಬಂದು ಇಲ್ಲಿ ಮಲಗಿವೆಯೇನೋ ಎನ್ನಿಸುತ್ತಿತ್ತು ಅವಳಿಗೆ. ಆ ಮಂಜಿನೊಳಗಿಂದ ಅವನ ದನಿ ಮೊದಲು ಬರುತ್ತಿತ್ತು, ಆಮೇಲೆ ಅವನು.

"ಎಚ್ಚರ, 'ಹಾಲು' ಇನ್ನೂ ಹಸಿ ಇದೆ. ಸೆರಗು ತಾಗೀತು."

ಇಷ್ಟೇ ಮಾತು. ಇಡೀ ದಿನಕ್ಕೆ ಸಾಕಾಗುತ್ತಿತ್ತು.

ಅಪ್ಪ ಬಸ್ಸಿನ ಕಂಡಕ್ಟರಾಗಿದ್ದವರು. ಮಂಡಿಯ ಆಪರೇಷನ್ ಆದಮೇಲೆ ಮನೆಯ ಮುಂದಿನ ಕುರ್ಚಿಯೇ ಅವರ ಬಸ್ಸು. ಮೆಟ್ಟಿಲಿಳಿದು ಬರುವವನನ್ನು ತಡೆದು ನಿಲ್ಲಿಸುತ್ತಿದ್ದರು.

"ಏನ್ರೀ ಅಕ್ಷರ ಸಾಹೇಬ್ರೇ, ಬಾಡಿಗೆದಾರ ಅಂದ್ರೆ ತಿಂಗಳಿಗೊಮ್ಮೆ ಮುಖ ತೋರಿಸಬೇಕು. ನೀವು ದಿನಾ ತೋರಿಸ್ತೀರಲ್ಲ!"

"ದಿನಾ ಟೀ ಕೊಡ್ತೀರಲ್ಲ ಸರ್."

"ಕೊಡೋದು ನಾನಲ್ಲಪ್ಪ, ನಮ್ಮ ಪುಟ್ಟಿ. ನನಗೆ ಅರ್ಧ ಲೋಟ, ನಿಮಗೆ ಪೂರ್ತಿ. ಯಾಕೋ ನೀವೇ ವಿಚಾರಿಸಿ."

ಒಳಗೆ ಪುಟ್ಟಿಯ ಕಿವಿ ಕೆಂಪಗಾಗುತ್ತಿತ್ತು.

*

ಆ ವರ್ಷ ಮನೆಸಾಲದ ಬಡ್ಡಿ ಏರಿತು. ಅಣ್ಣ ಬಂದ.

ಅಣ್ಣ ಕೆಟ್ಟವನಲ್ಲ. ಈ ಮನೆಯ ಕಂತಿನಲ್ಲಿ ಅರ್ಧ ಅವನೇ ಕಟ್ಟುತ್ತಿದ್ದ. ತಾನು ಮಾತ್ರ ಹೆಂಡತಿ ಮಕ್ಕಳೊಂದಿಗೆ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದ್ದ. ಅಲ್ಲಿಯೂ ಬಾಡಿಗೆ ಏರಿತ್ತು. ಎರಡು ಕಡೆಯಿಂದಲೂ ಅರೆಯುವ ಕಲ್ಲಿನ ನಡುವೆ ಸಿಕ್ಕವನು ಮೆತ್ತಗೆ ಮಾತಾಡಲಾರ.

"ಮೇಲಿನವನು ಕೊಡೋ ಬಾಡಿಗೆಗೆ ಈಗ ಸ್ಕೂಟರ್ ನಿಲ್ಲಿಸೋ ಜಾಗವೂ ಸಿಗಲ್ಲ ಪುಟ್ಟಿ. ಖಾಲಿ ಮಾಡಿಸು. ಎರಡರಷ್ಟು ಬರುತ್ತೆ."

"ಅವರು ಎಲ್ಲಿಗೆ ಹೋಗ್ತಾರಣ್ಣ?"

"ಬ್ಯಾಂಕಿನವನು ನಮ್ಮನ್ನ ಹಾಗೆ ಕೇಳ್ತಾನಾ? ಎಲ್ಲಿಗೆ ಹೋಗ್ತೀರಿ ಅಂತ?"

ಅವಳು ಬೆರಳು ಮಡಿಚಿ ಲೆಕ್ಕ ಹಾಕಿದಳು.

"ಕೆಳಗೆ ಮುಂದಿನ ಮೂರು ಕೋಣೆ ಬಾಡಿಗೆಗೆ ಕೊಡೋಣ. ಅದಕ್ಕೆ ಇನ್ನೂ ಜಾಸ್ತಿ ಬರುತ್ತೆ. ಹಿಂದಿನ ಕೋಣೆ, ಅಡುಗೆಮನೆ ಅಪ್ಪನಿಗೆ ಇರಲಿ. ನಾನು ಮೇಲೆ ಸಾಮಾನಿನ ಕೋಣೆಯಲ್ಲಿ ಇರ್ತೀನಿ."

"ಆ ಗೂಡಲ್ಲಾ? ಕಿಟಕಿನೂ ಇಲ್ಲ! ತಲೆ ಕೆಟ್ಟಿದೆಯಾ ನಿನಗೆ?"

"ಮಲಗೋಕೆ ತಾನೇ."

ಆ ಗೂಡಿಗೂ ಅವನ ಕೋಣೆಗೂ ನಡುವೆ ಇದ್ದುದು ಒಂದೇ ಗೋಡೆ. ಅದನ್ನು ನೆನೆದದ್ದೇ ಅವಳ ಮುಖ ಬೆಚ್ಚಗಾಯಿತು. ಅಣ್ಣ ತಲೆ ಕೊಡವಿ ಒಪ್ಪಿಕೊಂಡ.

ಆದರೆ ಒಂದು ಮಾತನ್ನು ಅವನು ಅವಳಿಗೆ ಹೇಳಲಿಲ್ಲ. ಒಂದು ಗಂಟೆ ಮುಂಚೆ, ಒಳಗೆ ಬರುವ ಮೊದಲೇ, ಅವನು ಮೆಟ್ಟಿಲ ಬಳಿ ಬೋರ್ಡಿನವನನ್ನು ನಿಲ್ಲಿಸಿ, "ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ. ಪುಟ್ಟಿಗೆ ಹೇಳೋಕೆ ಸಂಕೋಚ, ಅದಕ್ಕೆ ನಾನೇ ಹೇಳ್ತಿದ್ದೀನಿ," ಎಂದುಬಿಟ್ಟಿದ್ದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಸಂಜೆ ಅವಳು ತಾರಸಿಗೆ ಹೋದಳು.

"ಒಂದು ಬೋರ್ಡ್ ಬರೆದುಕೊಡ್ತೀರಾ? 'ಮನೆ ಬಾಡಿಗೆಗಿದೆ, ಒಳಗೆ ವಿಚಾರಿಸಿ' ಅಂತ."

ಅವನ ಕೈಯ ಕುಂಚ ನಿಂತಿತು.

"ಅಣ್ಣ ಎಲ್ಲಾ ಹೇಳಿರಬೇಕಲ್ವಾ?" ಎಂದಳು. ಪಕ್ಕದ ಕೋಣೆಗೆ ಬರುವ ವಿಷಯವನ್ನು ತಾನೇ ಹೇಳಲು ನಾಚಿಕೆ. ತಡೆದರೂ ನಗು ತುಟಿಯಂಚಿಗೆ ಬಂತು.

"ಹೇಳಿದ್ರು."

"ನಿಮಗೆ... ಬೇಜಾರಿಲ್ಲ ತಾನೇ?"

ಅವನು ಆ ನಗುವನ್ನೇ ನೋಡಿದ. 'ನಗುತ್ತಾ ಕಳಿಸುತ್ತಿದ್ದಾಳಲ್ಲ!'

"ಮನೆ ನಿಮ್ಮದು. ನನ್ನದೇನಿದೆ?"

ಆ ಉತ್ತರ ತಣ್ಣಗಿತ್ತು. ಅವಳ ನಗು ಹಾಗೇ ಆರಿತು.

ನಾಲ್ಕೇ ಪದದ ಬೋರ್ಡು. ಅರ್ಧ ದಿನದ ಕೆಲಸ. ಅವನು ಹದಿನಾಲ್ಕು ದಿನ ತೆಗೆದುಕೊಂಡ. ಕೊನೆಗೊಂದು ಬೆಳಿಗ್ಗೆ ಅದು ಗೇಟಿನ ಮೇಲಿತ್ತು. ಬಿಳಿ ಹಲಗೆ, ಮೋಡವಿಲ್ಲದ ಆಕಾಶದ ನೀಲಿ ಅಕ್ಷರ. ಹಾದುಹೋಗುವವರು ಮನೆ ಬೇಕಿಲ್ಲದಿದ್ದರೂ ನಿಂತು ಓದುತ್ತಿದ್ದರು.

ಅದೇ ದಿನ ಅಪ್ಪ ಹೇಳಿದರು: "ಅಕ್ಷರ ಸಾಹೇಬ್ರು ಊರಾಚೆ ಎಲ್ಲೋ ಕೋಣೆ ಹಿಡಿದರಂತೆ. ಸೋಮವಾರ ಹೊರಡ್ತಾರಂತೆ. ಯಾಕಮ್ಮ ಪುಟ್ಟಿ, ನೀನೇನಾದ್ರೂ ಅಂದ್ಯಾ?"

ಅವಳು ಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟಳು.

'ನಾನು ಪಕ್ಕದ ಕೋಣೆಗೆ ಬರುತ್ತೇನೆಂದು ತಿಳಿದದ್ದೇ ಹೊರಟುಬಿಟ್ಟರಾ... ಗೋಡೆಯಾಚೆ ಇರುವಷ್ಟೂ ಬೇಡವಾದೆನಾ?'

ಅಂದು ಅಂಗಡಿಯ ಕತ್ತಲ ಕೋಣೆಯಲ್ಲಿ ಒಬ್ಬ ಅಜ್ಜಿ, "ಒಂದೇ ಕಣ್ಣನ್ನ ಎಷ್ಟು ಸಲ ಮುಚ್ಚಿಸ್ತೀಯಾ ತಾಯಿ? ಇನ್ನೊಂದೂ ಇದೆ ನನಗೆ," ಎಂದರು.

*

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಅವಳು ಮನೆಗೆ ಬಂದಾಗ ಗೇಟು ತೆರೆದಿತ್ತು. ಅಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮೇಲಿನಿಂದ ಮಾತು ಕೇಳಿಸುತ್ತಿತ್ತು.

ಮೆಟ್ಟಿಲು ಹತ್ತಿದಳು. ಅವನ ಕೋಣೆಯ ಬಾಗಿಲ ಹೊರಗೇ ಕಾಲು ನಿಂತಿತು.

ಒಳಗೆ ಒಬ್ಬ ಗರ್ಭಿಣಿ, ನರ್ಸಿನ ಉಡುಪಿನಲ್ಲಿ, ಮಂಚದ ತುದಿಗೆ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ. ಬೋರ್ಡಿನವನು ಕೋಣೆ ತೋರಿಸುತ್ತಿದ್ದ.

"ಬೆಳಿಗ್ಗೆ ಬಿಸಿಲು ಮೊದಲು ಈ ಮೂಲೆಗೆ ಬರುತ್ತೆ. ತೊಟ್ಟಿಲು ಇಲ್ಲೇ ಇಡಿ. ನಲ್ಲಿ ನಿಧಾನಕ್ಕೆ ತಿರುಗಿಸಿ, ಇಲ್ಲದಿದ್ರೆ ಕಿರುಚಿಕೊಳ್ಳುತ್ತೆ. ಅದೂ ಅಭ್ಯಾಸ ಆಗುತ್ತೆ."

"ಮನೆಯವರು ಹೇಗಪ್ಪಾ?" ಎಂದಳು ನರ್ಸ್. "ಮಗು ಅತ್ತರೆ ಬೈತಾರಾ?"

"ಇಲ್ಲ. ಒಳ್ಳೆಯವರು." ಸ್ವಲ್ಪ ತಡೆದ. "ಮಗಳು ಬೆಳಿಗ್ಗೆ ಆರೂಕಾಲಿಗೆ ಬಟ್ಟೆ ಹರವೋಕೆ ಬರ್ತಾರೆ. ಆಗ ಬಾಗಿಲು ತೆಗೆದಿಡಿ."

"ಯಾಕೆ?"

"...ಆ ಹೊತ್ತಲ್ಲಿ ಗಾಳಿ ಚೆನ್ನಾಗಿರುತ್ತೆ."

ಹೊರಗೆ ನಿಂತಿದ್ದವಳು ಒಳಗೆ ಬಂದಳು.

"ಈ ಕೋಣೆ ಯಾಕೆ ತೋರಿಸ್ತಿದ್ದೀರಿ? ಬಾಡಿಗೆಗಿರೋದು ಕೆಳಗಿನ ಮನೆ!"

ಬಂದವರು ಇಬ್ಬರ ಮುಖವನ್ನೂ ನೋಡಿದರು. ಕೆಳಗಿನ ಬಾಡಿಗೆ ಎಷ್ಟೆಂದು ಗಂಡ ಕೇಳಿದ. ಅವಳು ಹೇಳಿದಳು.

"ಅಷ್ಟು ನಮ್ಮ ಕೈಲಾಗಲ್ಲಮ್ಮ," ಎಂದ ಅವನು. ಹೆಂಡತಿ ಮಾತ್ರ ಮಂಚದಿಂದ ಏಳಲಿಲ್ಲ. ದಣಿದ ಕಾಲುಗಳನ್ನು ನೋಡಿಕೊಂಡು, "ಎರಡು ನಿಮಿಷ ಕೂತಿರ್ತೀನಿ ಅಕ್ಕಾ," ಎಂದಳು.

ಅವಳೂ ಬೋರ್ಡಿನವನೂ ತಾರಸಿಗೆ ಬಂದರು.

"ನಿಮ್ಮಣ್ಣ ತಿಂಗಳ ಕೊನೆಗೆ ಖಾಲಿ ಮಾಡಿ ಅಂದ್ರು," ಎಂದ ಅವನು. "ಅದರ ಹಿಂದೆಯೇ ನೀವು ಬೋರ್ಡ್ ಕೇಳಿದ್ರಿ."

"ಅಣ್ಣ ಹಾಗಂದ್ನಾ? ನನಗೆ ಗೊತ್ತೇ ಇಲ್ಲ! ನಿಮ್ಮನ್ನ ಉಳಿಸಿಕೊಳ್ಳೋಕೆ ನಾನು ನನ್ನ ಕೋಣೆ ಬಿಟ್ಟುಕೊಟ್ಟೆ. ಈ ಸಾಮಾನಿನ ಕೋಣೆಗೆ ಬರ್ತಿದ್ದೆ. ಅದು ತಿಳಿದೇ ನೀವು ಓಡಿಹೋಗ್ತಿದ್ದೀರಿ ಅಂದುಕೊಂಡೆ..."

"ಈ ಗೂಡಿಗೆ? ನನಗೋಸ್ಕರ?"

ಅವಳು ತಲೆ ತಗ್ಗಿಸಿದಳು. ಕಣ್ಣು ತುಂಬಿತ್ತು.

"ನನ್ನ ಕೋಣೆಗೆ ನಾನೇ ಬೋರ್ಡ್ ಬರೀತಿದ್ದೀನಿ ಅಂದುಕೊಂಡು ಬರೆದೆ," ಎಂದ ಮೆಲ್ಲಗೆ. "ದಿನಕ್ಕೆ ಒಂದಕ್ಷರ. ಮುಗಿಸೋಕೆ ಮನಸ್ಸೇ ಬರಲಿಲ್ಲ."

"ಒಂದು ಮಾತು ಕೇಳಬಾರದಿತ್ತಾ?"

"ಹೇಗೆ ಕೇಳಲಿ? ಬಾಡಿಗೆ ಕೊಡೋನು ಮನಸ್ಸಿನ ಮಾತು ಹೇಳಿದ್ರೆ, ಮನೆ ಉಳಿಸಿಕೊಳ್ಳೋಕೆ ಹೇಳಿದ ಅಂತ ಆಗಲ್ವಾ?"

"ನಾನು ಹೇಳಿದ್ರೆ, ಮನೆ ಬೇಕಿದ್ರೆ ನನ್ನನ್ನ ಒಪ್ಪಿಕೋ ಅಂದ ಹಾಗೆ ಆಗಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎರಡು ವರ್ಷ... ಒಂದೇ ಮುಳ್ಳನ್ನು ಇಬ್ಬರೂ ಬೇರೆಬೇರೆಯಾಗಿ ನುಂಗಿಕೊಂಡು ಕೂತಿದ್ದರು!

ಅವನು ಕೋಣೆಯ ಕಡೆ ನೋಡಿದ. ನರ್ಸ್ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

"ಈ ಕೋಣೆ ಅವರಿಗೆ ಕೊಡಿ. ನಾನು ಹೋಗ್ತೀನಿ."

"ಈಗಲೂ?!"

"ಈಗಲೇ ಹೋಗಬೇಕು. ನಿಮ್ಮ ಬಾಡಿಗೆದಾರ ಅಲ್ಲದೇ ಇರೋನಾಗಿ ಬಂದು ಕೇಳ್ತೀನಿ. ಮುಂದಿನ ಭಾನುವಾರ."

"ಏನು ಕೇಳ್ತೀರಿ?"

"ಅದನ್ನ ಭಾನುವಾರ ಹೇಳ್ತೀನಿ."

*

ಸೋಮವಾರ ಅವನ ಡಬ್ಬಗಳು, ಏಣಿ, ಮಂಚ ಒಂದು ಸಣ್ಣ ಲಾರಿಯಲ್ಲಿ ಹೋದವು. ಅವಳು ಫೋನಿನಲ್ಲಿ ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು, "ನಮ್ಮ ಮನೆ ಮಾಲೀಕರು ನನಗೂ ಮೊನ್ನೆ ಹಾಗೇ ಹೇಳಿದ್ರು ಪುಟ್ಟಿ, ಮೆಟ್ಟಿಲ ಮೇಲೆ ನಿಲ್ಲಿಸಿ. ಮೇಲಿನವರಿಗೆ ನಿನಗೆ ಸರಿ ಅನಿಸಿದ ಬಾಡಿಗೆ ಹೇಳು," ಎಂದ.

ಕೆಳಗಿನ ಮೂರು ಕೋಣೆಗೆ ಹಲ್ಲಿನ ಡಾಕ್ಟರೊಬ್ಬರು ಬಂದರು. "ಇನ್ನು ನನ್ನ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಜನ ಬಾಯಿ ತೆರೆದುಕೊಂಡೇ ಇರ್ತಾರೆ, ಮಾತಾಡೋರು ಮಾತ್ರ ಯಾರೂ ಇಲ್ಲ," ಎಂದರು ಅಪ್ಪ.

ಅವಳು ಗೂಡಿಗೆ ಬಂದಳು. ಗೋಡೆಯಾಚೆ ನರ್ಸ್ ಏನೋ ಗುನುಗುತ್ತಿದ್ದಳು. ತಾರಸಿ ಖಾಲಿ. ಬೆಳಗಿನ ಮಂಜಿನಲ್ಲಿ ಒಂದಕ್ಷರವೂ ಇರಲಿಲ್ಲ. ಬುಧವಾರ, ಗುರುವಾರ, ಶುಕ್ರವಾರ... ಭಾನುವಾರವೆಂಬುದು ಇಷ್ಟು ದೂರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ!

ಶನಿವಾರ ಮಧ್ಯಾಹ್ನ ಅಂಗಡಿಯಿಂದ ಹೊರಬಿದ್ದವಳು ಮನೆಯ ಬಸ್ಸು ಹತ್ತಲಿಲ್ಲ.

ಅವನು ಹೋಗುವಾಗ ಅಪ್ಪನಿಗೆ ಕೊಟ್ಟಿದ್ದ ವಿಳಾಸ ಹಿಡಿದು, ಎರಡು ಬಸ್ಸು ಬದಲಿಸಿ ಊರಾಚೆ ಇಳಿದಳು. ಕಿರಿದಾದ ನಾಲ್ಕಂತಸ್ತಿನ ಕಟ್ಟಡ. ಬಾಗಿಲಲ್ಲೇ ಮಾಲೀಕಿ, ಕೈಯಲ್ಲಿ ಬೀಗದ ಕೈಗಳ ಗೊಂಚಲು.

"ಯಾರಮ್ಮ ನೀನು? ಮೂರನೇ ಮಹಡಿಯವನಿಗೆ ಏನಾಗಬೇಕು?"

"ಇನ್ನೂ ಏನೂ ಆಗಿಲ್ಲಮ್ಮ."

ಮಾಲೀಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹತ್ತು ನಿಮಿಷ. ಮೆಟ್ಟಿಲ ಮೇಲೇ ಮಾತಾಡ್ಕೊಳ್ಳಿ." ಮೇಲಕ್ಕೆ ಮುಖ ಮಾಡಿ ಕೂಗಿದರು: "ಏನಪ್ಪಾ! ಏನೂ ಆಗದವರು ಬಂದಿದ್ದಾರೆ!"

ಅವನು ಮೆಟ್ಟಿಲಿಳಿದು ಓಡಿಬಂದ. ಬೆರಳೆಲ್ಲ ನೀಲಿ.

"ನಾಳೆ ನಾನೇ ಬರ್ತಿದ್ನಲ್ಲ!"

"ನಾಳೆ ನೀವು ಬಂದ್ರೆ ಅದು ಮತ್ತೆ ನಮ್ಮ ಮನೆ ಬಾಗಿಲು. ಇಲ್ಲಿ ನಾನು ಯಾರ ಮಾಲೀಕಿಯೂ ಅಲ್ಲ. ಅದಕ್ಕೇ ಬಂದೆ." ಉಸಿರು ತೆಗೆದುಕೊಂಡಳು. "ಈಗ ಕೇಳಿ."

ಅವಳು ಮೆಟ್ಟಿಲ ಮೇಲೆ ಕೂತಳು, ಅವನು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ನನ್ನನ್ನ ಮದುವೆ ಆಗ್ತೀರಾ?"

"ಹೂಂ."

ಅಷ್ಟು ಬೇಗ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. ಪಾಪ, ಗಾಬರಿಯಾದ.

"ಆದ್ರೆ... ಎಲ್ಲಿರೋದು? ನನ್ನ ಕೋಣೆಯಲ್ಲಿ ಇಬ್ಬರು ನಿಂತ್ರೆ, ತಿರುಗೋಕೆ ಒಬ್ಬರು ಹೊರಗೆ ಹೋಗಬೇಕು."

"ನನ್ನದರಲ್ಲಿ ಕಿಟಕಿ ಇಲ್ಲ."

"ಮನೆ ಹುಡುಕಬೇಕಾಗುತ್ತೆ. ಈಗಿನ ಬಾಡಿಗೆಯಲ್ಲಿ ಬಹಳ ಸುತ್ತಬೇಕಾಗುತ್ತೆ."

"ಸುತ್ತೋಣ," ಎಂದಳು ಅವಳು. "ನಿಮ್ಮ ಜೊತೆ ತಾನೇ."

ಕೆಳಗೆ ಬೀಗದ ಕೈಗಳು ಗಲಗಲ ಎಂದವು. "ಆಯ್ತೇನ್ರೀ?"

"ಇನ್ನೆರಡೇ ನಿಮಿಷ ಅಮ್ಮಾ!"

ಅವಳು ಕೈ ಚಾಚಿದಳು. ಅವನು ತನ್ನ ಕೈ ಹಿಂದಕ್ಕೆ ಎಳೆದುಕೊಂಡ.

"ಬಣ್ಣ ಇನ್ನೂ ಹಸಿ ಇದೆ. ಅಂಟಿಕೊಳ್ಳುತ್ತೆ."

"ಅಂಟಿಕೊಳ್ಳಲಿ."