ಟವೆಲ್ಲಿನ ಕೆಳಗಿನ ಕೈ

ಆ ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಒಂಬತ್ತು ಗಂಟೆಯಾದರೂ ಬಸ್ಸುಗಳು ದೀಪ ಹಚ್ಚಿಕೊಂಡೇ ಓಡಾಡುತ್ತಿದ್ದವು. 2007ರ ಜನವರಿ. ಬೀಜದ ಅಂಗಡಿಗಳ ಬೋರ್ಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಎದುರಿಗೆ ಬರುವವನು ಯಾರೆಂದು ತಿಳಿಯಲು ಅವನು ಕೆಮ್ಮುವವರೆಗೆ ಕಾಯಬೇಕಿತ್ತು.

ಬೀಜದ ವ್ಯಾಪಾರಿ ವೀರೇಂದ್ರ ತನ್ನ ಮಹಡಿಯ ಹಾಲ್‌ನಲ್ಲಿ ಮೂರನೆಯ ಚೀಲದ ಹೊಲಿಗೆ ಕತ್ತರಿಸಿದ. ಒಳಗಿದ್ದ ಮರದ ಪೆಟ್ಟಿಗೆ ಹೊರತೆಗೆದ. ತಳದ ನಾಲ್ಕು ಸ್ಕ್ರೂ ಬಿಚ್ಚಿದ. ಅವನ ಕೈ ಅಲ್ಲೇ ನಿಂತಿತು.

ತಂತಿಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟು ಒಂದು ಹಸಿರು ಚೂರು ಕೂತಿತ್ತು. ಟರ್ಬೊ.

“ಮೈಲೇಶಾ, ಇದೇನೋ ಇದು?” ಎಂದ ವೀರೇಂದ್ರ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

ಮೈಲೇಶ ನೋಡಿದ. ಬಲಗೈಗೆ ಸುತ್ತಿದ್ದ ಟವೆಲ್ಲನ್ನು ಇನ್ನಷ್ಟು ಬಿಗಿ ಮಾಡಿಕೊಂಡ.

ಸ್ಪರ್ಧೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನದು. ಟಿ.ವಿ. ಪರದೆಯ ಮೇಲೆ ಇಬ್ಬರು ಜಟ್ಟಿಗಳು ಗುದ್ದಾಡುವ ಆಟ. ಯಾರ ಜಟ್ಟಿ ಬಿದ್ದನೋ ಅವರು ಸೋತರು. ಆಡಲು ಯಾವ ರಿಮೋಟ್ ಬೇಕಾದರೂ ತರಬಹುದು. ಕೈಯಲ್ಲಿ ಹಿಡಿಯುವುದೂ ನಡೆಯುತ್ತದೆ, ಮೇಜಿನ ಮೇಲಿಡುವ ಕೋಲಿನ ಪೆಟ್ಟಿಗೆಯೂ ನಡೆಯುತ್ತದೆ. ಆದರೆ ಒಂದು ಒತ್ತಿಗೆ ಒಂದೇ ಏಟು. ಟರ್ಬೊ ಇದ್ದರೆ ಒಮ್ಮೆ ಒತ್ತಿ ಹಿಡಿದರೂ ಏಟು ತಾನಾಗಿಯೇ ಸುರಿಯುತ್ತದೆ. ಅದನ್ನು ತಂದವನು ಆಟದಿಂದ ಹೊರಗೆ, ಮತ್ತೆಂದೂ ಒಳಗೆ ಬರುವಂತಿಲ್ಲ. ಅವನ ಜಾಗಕ್ಕೆ ಮೂರನೆಯ ಸ್ಥಾನದವರು ಬರುತ್ತಾರೆ. ಇದೆಲ್ಲ ಗೋಡೆಗೆ ಅಂಟಿಸಿದ ಹಾಳೆಯಲ್ಲೇ ಇತ್ತು. ಫೈನಲ್‌ಗೆ ಮುಂಚೆ ಇಬ್ಬರದ್ದೂ, ಮೂರನೆಯವರದ್ದೂ ರಿಮೋಟ್ ಬಿಚ್ಚಿ ನೋಡಲಾಗುವುದು ಎಂಬುದೂ ಇತ್ತು.

ಗೆದ್ದವರಿಗೆ ಕಪ್ಪು ಕೋಟಿನ ಹುಬ್ಬಳ್ಳಿಯ ಸಾಹುಕಾರರೊಬ್ಬರು ಕೆಲಸ ಕೊಡುವವರಿದ್ದರು. ಹಾವೇರಿಯಲ್ಲಿ ಅವರ ಹೊಸ ಗೇಮ್ ಅಂಗಡಿ ತೆರೆಯಲಿತ್ತು. ಅದನ್ನು ನಡೆಸಲು ಆಟ ಬಲ್ಲವರೇ ಬೇಕಿತ್ತು. ಅವರು ಮೊದಲ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಹನ್ನೆರಡರ ಗಾಡಿಗೆ ಅವರು ಹೊರಡಬೇಕು.

ಮೈಲೇಶ ಕುಮಾರಪಟ್ಟಣದವನು. ಬಡಿಗತನ ಮಾಡುತ್ತಿದ್ದವನು. ಎರಡು ವರ್ಷದ ಹಿಂದೆ ಮರ ಕೊಯ್ಯುವ ಮಷೀನು ಅವನ ಬಲಗೈಗೆ ತಗುಲಿತು. ಅಂದಿನಿಂದ ಯಾರೂ ಅವನ ಕೈಗೆ ಉಳಿ ಕೊಟ್ಟಿರಲಿಲ್ಲ. ಆ ಕೈಯನ್ನು ಅವನು ಯಾರಿಗೂ ತೋರಿಸುತ್ತಲೂ ಇರಲಿಲ್ಲ. ಆಡುವಾಗಲೂ ಅದರ ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಿದ್ದ.

ಬಾಗಿಲ ಬಳಿ ಕೂತಿದ್ದ ಅವನ ತಾಯಿ ದೇವವ್ವ ಎದ್ದು ಬಂದಳು. ಬಂದವಳೇ ಬಂದೋಬಸ್ತಿಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ಲನ ಮುಂದೆ ನಿಂತಳು.

“ಸಾಹೇಬ್ರ, ಇದ ಅವನ ಕಡೀ ಬಾಗಿಲ ಐತಿ. ಇದೂ ಮುಚ್ಚಿದರ ನನ್ನ ಮಗ ನಾಳೆ ಮುಂಜಾನೆ ಯಾಕ ಏಳಬೇಕು ಅಂತ ಕೇಳತಾನ. ನಾ ಏನ್ ಹೇಳ್ಲಿ?”

*

ಹೆಡ್ ಕಾನ್‌ಸ್ಟೇಬಲ್ ಪರಮೇಶಪ್ಪ ಹಲಗೇರಿಯವರು. ದಿನಾ ನಸುಕಿನಲ್ಲಿ ಲಿಂಗಪೂಜೆ ಮುಗಿಸದೆ ನೀರು ಕುಡಿಯದವರು. ನಿವೃತ್ತಿಗೆ ಎಂಟು ತಿಂಗಳಿತ್ತು. ಆಟದ ವಿಷಯ ಅವರಿಗೇನೂ ಗೊತ್ತಿರಲಿಲ್ಲ. ಆದರೆ ಒಬ್ಬ ತಾಯಿ ಹಾಗೆ ಕೇಳಿದ ಮೇಲೆ ಗೊತ್ತಿಲ್ಲ ಎನ್ನುವುದು ಶಿವನಿಗೆ ಬೆನ್ನು ತಿರುಗಿಸಿದಂತೆ ಎಂದು ಅವರಿಗನಿಸಿತು.

ಅವರು ವೀರೇಂದ್ರನನ್ನು ಪಕ್ಕಕ್ಕೆ ಕರೆದು ಒಂದೊಂದಾಗಿ ಕೇಳಿದರು. ಶನಿವಾರ ಮಧ್ಯಾಹ್ನ ಸೆಮಿಫೈನಲ್ ಮುಗಿದಿತ್ತು. ಮೂರು ರಿಮೋಟುಗಳನ್ನೂ ಬೀಜದ ಮಾದರಿ ಹಾಕುವ ಬಟ್ಟೆಚೀಲಗಳಲ್ಲಿ ಇಟ್ಟು, ಎಲ್ಲರೆದುರೇ ವೀರೇಂದ್ರ ಬಾಯಿ ಹೊಲಿದಿದ್ದ. ಹೆಸರಿನ ಚೀಟಿ ಕಟ್ಟಿ ಮನೆಯ ಹಿಂದಿನ ಗೋದಾಮಿನಲ್ಲಿ ಇಟ್ಟಿದ್ದ. ಕೀಲಿ ಅಡುಗೆಮನೆಯ ಮೊಳೆಗಿತ್ತು. ಬೆಳಿಗ್ಗೆ ನೋಡಿದಾಗ ಮೂರೂ ಹೊಲಿಗೆ ಭದ್ರವಾಗಿದ್ದವು.

“ಹಂಗಾದ್ರ ಚೂರು ಒಳಗ ಇದ್ದದ್ದು ಮೊದಲಿಂದಾನ. ಮತ್ತ್ಯಾರು ಇಡತಾರ್ರಿ?” ಎಂದ ವೀರೇಂದ್ರ.

ಹಾವೇರಿಯ ರುದ್ರಮುನಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬಟ್ಟೆ ಅಂಗಡಿಯವರ ಮಗ, ಇನ್ನೊಬ್ಬ ಫೈನಲ್ ಆಟಗಾರ. ಎರಡು ದಿನದಿಂದ ಅವನದು ಒಂದೇ ತಕರಾರು. ಎಲ್ಲರೂ ರಿಮೋಟ್ ಹಿಡಿದು ಆಡುವಾಗ ಮೈಲೇಶನೊಬ್ಬನಿಗೆ ಪೆಟ್ಟಿಗೆ ಯಾಕೆ?

“ನಾ ಮೊದಲ ಹೇಳಿದ್ದಿಲ್ಲೇನ್ರಿ? ಟವೆಲ್ ಒಳಗ ಕದ್ದ ಕೋಳಿ ಮುಚ್ಚಿಟ್ಟಾನಂತ,” ಎಂದ. ಹುಡುಗರು ನಕ್ಕರು. ಮೈಲೇಶ ತಲೆ ತಗ್ಗಿಸಿದ.

ಪರಮೇಶಪ್ಪನವರ ಕಣ್ಣು ರುದ್ರಮುನಿಯ ಮೇಲೆ ನಿಂತಿತು. ಶನಿವಾರ ಸಂಜೆ ಗೋದಾಮಿನ ಹತ್ತಿರ ಅವನನ್ನು ಕಂಡವರಿದ್ದರು. ಕೇಳಿದರೆ ಮುಚ್ಚಿಡಲಿಲ್ಲ. ಪೆಟ್ಟಿಗೆಯನ್ನು ನಿಷೇಧಿಸಿ ಎಂದು ಇನ್ನೊಮ್ಮೆ ಹೇಳಲು ಬಂದಿದ್ದನಂತೆ. ವೀರೇಂದ್ರನ ತಾಯಿ ಬಸವಣ್ಣೆವ್ವ ಬೈದು ಕಳಿಸಿದಳಂತೆ.

ಅವನೇ ಇರಬೇಕು ಎಂದು ಹಾಲ್‌ನ ಅರ್ಧ ಜನಕ್ಕೆ ಅನಿಸಿತು. ಪರಮೇಶಪ್ಪನವರು ಗೋಡೆಯ ಹಾಳೆಯ ಮುಂದೆ ಹೋಗಿ ನಿಂತು ನಿಧಾನವಾಗಿ ಓದಿದರು. ಪಕ್ಕದಲ್ಲೇ ಹಿಂದಿನ ಆಟಗಳ ಫಲಿತಾಂಶವಿತ್ತು. ಎಲ್ಲರೂ ಎಲ್ಲರೊಡನೆ ಆಡಿದ ಮೊದಲ ಸುತ್ತಿನಲ್ಲಿ ರುದ್ರಮುನಿ ಸೋತದ್ದು ಒಬ್ಬರಿಗೇ, ಬ್ಯಾಡಗಿಯ ಸುರೇಖಾಳಿಗೆ. ಆಕೆಯನ್ನು ಸೆಮಿಫೈನಲ್‌ನಲ್ಲಿ ಹೊರಗೆ ಹಾಕಿದವನು ಮೈಲೇಶ. ಮೂರನೆಯ ಸ್ಥಾನ ಆಕೆಯದು. ಮೈಲೇಶ ಹೊರಬಿದ್ದರೆ ರುದ್ರಮುನಿ ಮತ್ತೆ ಸುರೇಖಾಳ ಎದುರೇ ಕೂರಬೇಕು. ತನ್ನನ್ನು ಸೋಲಿಸಿದವಳನ್ನು ಯಾರೂ ಹೊಸ್ತಿಲು ದಾಟಿಸಿ ಕರೆದುಕೊಳ್ಳುವುದಿಲ್ಲ.

ರುದ್ರಮುನಿಯ ಬಾಯಿ ಕೆಟ್ಟದ್ದು. ಕೈ ಅಲ್ಲ.

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

*

ಪರಮೇಶಪ್ಪನವರು ಪೆಟ್ಟಿಗೆಯನ್ನು ಮೈಲೇಶನ ಮುಂದಿಟ್ಟು ಪಕ್ಕದಲ್ಲೇ ನೆಲಕ್ಕೆ ಕೂತರು. ಪೆಟ್ಟಿಗೆಯ ಎಡಕ್ಕೆ ಒಂದು ಕೋಲು. ಬಲಕ್ಕೆ ಆರು ದುಂಡು ಗುಂಡಿ. ಗುಂಡಿಗಳ ಕೆಳಗೆ ಅಂಗೈ ಅಗಲದ ಒಂದು ತೇಗದ ಹಲಗೆ. ಹಲಗೆ ಸವೆದು ಹೊಳೆಯುತ್ತಿತ್ತು. ನಡುವಿನ ನಾಲ್ಕು ಗುಂಡಿಗಳ ಬಣ್ಣ ಮಾತ್ರ ಅಂಗಡಿಯಿಂದ ತಂದಷ್ಟೇ ಹೊಸದಾಗಿತ್ತು.

“ತಮ್ಮಾ,” ಎಂದರು ಮೆಲ್ಲಗೆ, “ಇದನ್ನ ಹೆಂಗ ಆಡತಿ? ನನಗ ತಿಳಿಯಾಂಗಿಲ್ಲ. ಒಂದ ಸಲ ತೋರಿಸು.”

“ಬ್ಯಾಡ್ರಿ.”

“ಟವೆಲ್ ತಗದರ ಮಂದಿ ಎರಡ ದಿನ ಮಾತಾಡತಾರ. ತಗೀದಿದ್ದರ ಸಾಯೋತನಕ ಕಳ್ಳ ಅಂತಾರ.”

ಮೈಲೇಶ ತಾಯಿಯ ಕಡೆ ನೋಡಿದ. ದೇವವ್ವ ಕಣ್ಣು ಮುಚ್ಚಿಕೊಂಡು ಏನನ್ನೋ ಜಪಿಸುತ್ತಿದ್ದಳು. ಅವನು ಟವೆಲ್ ತೆಗೆದ.

ಆ ಕೈಯಲ್ಲಿ ಹೆಬ್ಬೆರಳಿತ್ತು, ಕಿರುಬೆರಳಿತ್ತು. ನಡುವೆ ಮೂರು ಬೆರಳಿನ ಜಾಗದಲ್ಲಿ ಹೊಲಿದ ಗೆರೆ ಮಾತ್ರ ಇತ್ತು. ರುದ್ರಮುನಿ ಕಾಲ ಮೇಲಿನ ಕಾಲು ಇಳಿಸಿದ.

ಬಲವಾದ ಗುದ್ದಿಗೆ ಎಲ್ಲರೂ ಒತ್ತುವುದು ಮಧ್ಯಬೆರಳಿನ ಕೆಳಗಿನ ಗುಂಡಿಯನ್ನು. ಮೈಲೇಶನಿಗೆ ಆ ಬೆರಳೇ ಇಲ್ಲ. ಅದಕ್ಕೇ ಅವನು ಅದೇ ಗುಂಡಿಯ ತಂತಿಗೆ ಇನ್ನೊಂದು ತಂತಿ ಜೋಡಿಸಿ ಹಲಗೆಯ ಕೆಳಗೆ ಎಳೆಸಿದ್ದ. ಅಂಗೈ ಹೇರಿದರೆ ಗುದ್ದು ಬೀಳುತ್ತಿತ್ತು. ಮರದ ಕೆಲಸ ಅವನದೇ, ತಂತಿಯ ಬೆಸುಗೆ ದಾವಣಗೆರೆಯಲ್ಲಿ ಮಾಡಿಸಿದ್ದು.

ಪೆಟ್ಟಿಗೆಯನ್ನು ಟಿ.ವಿ.ಗೆ ಸಿಕ್ಕಿಸಿದರು. ಮೈಲೇಶ ಅಂಗೈ ಹೇರಿದ. ಪರದೆಯ ಜಟ್ಟಿ ಸುಮ್ಮನೆ ನಿಂತಿದ್ದ. ಇನ್ನೊಮ್ಮೆ ಹೇರಿದ. ಏನೂ ಆಗಲಿಲ್ಲ. ಆರೋಪಕ್ಕಿಂತ ಮೈಲೇಶನನ್ನು ಹೆಚ್ಚು ಮುರಿದದ್ದು ಆ ಸತ್ತ ಹಲಗೆ.

ಪರಮೇಶಪ್ಪನವರು ಮಧ್ಯದ ಗುಂಡಿಯನ್ನು ತಮ್ಮ ಬೆರಳಿನಿಂದ ಒತ್ತಿ ಹಿಡಿದರು. ಜಟ್ಟಿ ಹುಚ್ಚು ಹಿಡಿದವನಂತೆ ಗುದ್ದತೊಡಗಿದ.

“ನೋಡ್ರಿ,” ಎಂದರು ಸಾಹುಕಾರರ ಕಡೆ ತಿರುಗಿ. “ಟರ್ಬೊ ಕೂತದ್ದು ಇವಂಗ ನಿಲುಕದ ಗುಂಡಿಗೆ. ಅದನ್ನ ಕೂಡಿಸೋ ಮುಂದ ಹಲಗಿ ತಂತಿ ಕಿತ್ತಾರ. ನಿನ್ನೆ ಇದ ಹಲಗೀಲೆ ಸೆಮಿಫೈನಲ್ ಗೆದ್ದಾನ. ಮೋಸ ಮಾಡಾಂವ ಉಳಿದ ಕೈನೂ ತಾನ ಕಡಕೊಂತಾನೇನ್ರಿ?”

ಅಂದರೆ ಚೀಲ ಹೊಲಿದ ಮೇಲೆ ಯಾರೋ ಬಿಚ್ಚಿದ್ದಾರೆ. ಮತ್ತೆ ಹೊಲಿದಿದ್ದಾರೆ. ಈ ಕೈಯ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ಐದು ಬೆರಳಿನವರು ಯೋಚಿಸಿದಂತೆಯೇ ಅವರು ಯೋಚಿಸಿದ್ದರು.

*

ಕತ್ತರಿಸಿದ ಮೂರು ಚೀಲಗಳೂ ಮೇಜಿನ ಮೇಲಿದ್ದವು. ವೀರೇಂದ್ರ ಕತ್ತರಿ ಹಾಕಿದ್ದು ನಡುವೆ ಮಾತ್ರ. ಮೂಲೆಗಳು ಹೊಲಿದಂತೆಯೇ ಉಳಿದಿದ್ದವು. ಪರಮೇಶಪ್ಪನವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದರು. ಎರಡರ ಮೂಲೆಗಳು ಚಪ್ಪಟೆಯಾಗಿದ್ದವು. ಮೈಲೇಶನ ಚೀಲದ್ದನ್ನು ಅವರು ಬೆರಳಿನಿಂದ ಎರಡು ಸಲ ಮುಟ್ಟಿ ನೋಡಿದರು.

ಆಮೇಲೆ, ತಕರಾರು ಮುಗಿಯುವವರೆಗೆ ರಿಮೋಟುಗಳನ್ನು ತಿರುಗಿ ಚೀಲಕ್ಕೆ ಹಾಕಿ ಇಡೋಣ, ಈ ಸಲ ಅವರವರದ್ದನ್ನು ಅವರವರೇ ಹೊಲಿಯಲಿ, ಎಂದರು. ಹೊಸ ಚೀಲ ಬಂದವು. ಗೋಣಿ ಹೊಲಿಯುವ ದಬ್ಬಣ, ನೂಲು ಬಂದವು. ಮೈಲೇಶನ ಪಾಲಿನದನ್ನು ವೀರೇಂದ್ರನೇ ಹೊಲಿದ. ಬೀಜದವರ ಹೊಲಿಗೆ, ಗೆರೆ ಎಳೆದಂತೆ ನೇರ. ರುದ್ರಮುನಿ ಎರಡು ಹೊಲಿಗೆಗೇ ಬೆರಳಿಗೆ ಚುಚ್ಚಿಕೊಂಡು ದಬ್ಬಣ ಕೆಳಗಿಟ್ಟ.

ಸುರೇಖಾ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ. ಐ.ಟಿ.ಐ.ಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು. ಬ್ಯಾಡಗಿಯಿಂದ ದಿನಾ ಓಡಾಡುವುದು ಬೇಡವೆಂದು ಬಸವಣ್ಣೆವ್ವ ಆಕೆಯನ್ನು ಶನಿವಾರ ತನ್ನ ಮನೆಯಲ್ಲೇ ಉಳಿಸಿಕೊಂಡಿದ್ದಳು.

ಆಕೆ ದಬ್ಬಣ ತೆಗೆದುಕೊಂಡಳು. ಚೀಲದ ಬಾಯಿ ಮಡಿಸಿದಳು. ಕೈ ಸರಸರನೆ ಓಡಿತು. ಮೂಲೆಗೆ ಬಂದಾಗ ಬೆರಳುಗಳು ಬಟ್ಟೆಯನ್ನು ಒಂದು ಸುತ್ತು ತಿರುವಿ, ನೂಲು ಎರಡು ಸಲ ಬಿಗಿದು, ಸಣ್ಣದೊಂದು ಗಂಟನ್ನು ಹೊರಗೆ ಬಿಟ್ಟವು. ಅದನ್ನು ಆಕೆ ಆಮೇಲೆ ಕಂಡಳು. ದಬ್ಬಣ ಕೈಯಲ್ಲೇ ನಿಂತಿತು.

ಪರಮೇಶಪ್ಪನವರು ಮೈಲೇಶನ ಹಳೆಯ ಚೀಲವನ್ನು ಅದರ ಪಕ್ಕದಲ್ಲಿಟ್ಟರು. ಅದರ ಮೂಲೆಯಲ್ಲೂ ಅಂಥದೇ ಗಂಟು.

“ನಾಕ ವರ್ಷ ಬ್ಯಾಡಗಿ ಮಾರ್ಕೆಟ್‌ನ್ಯಾಗ ಡ್ಯೂಟಿ ಮಾಡೇನಿ, ಯವ್ವಾ,” ಎಂದರು. “ಮೆಣಸಿನಕಾಯಿ ಚೀಲದ ಮೂಲಿಗೆ ಹಿಂಗ ಕಿವಿ ಬಿಡತಾರ. ಹಮಾಲರಿಗೆ ಹಿಡದು ಎತ್ತಾಕ. ಇಷ್ಟ ಸಣ್ಣ ಬೀಜದ ಚೀಲಕ್ಕ ಯಾರೂ ಬಿಡಾಂಗಿಲ್ಲ. ನಿನ್ನ ಮನಸ್ಸು ಬಿಡಬ್ಯಾಡ ಅಂದಿರಬೇಕು. ಕೈ ಕೇಳಲಿಲ್ಲ.”

ಹಿಂದಿನ ಸಾಲಿನ ಬಸವಣ್ಣೆವ್ವ ಆಗ ಹೇಳಿದಳು. ನಸುಕಿನಲ್ಲಿ ತಾನು ಸ್ನಾನಕ್ಕೆ ಹೋದಾಗ ಅಡುಗೆಮನೆಯಲ್ಲಿ ಈ ಹುಡುಗಿ ಒಬ್ಬಳೇ ಇದ್ದಳು, ತಾನು ಬರುವಷ್ಟರಲ್ಲಿ ರಾಳ ಸುಟ್ಟ ವಾಸನೆ ಇತ್ತು, ದೇವರ ಮುಂದೆ ಧೂಪ ಹಾಕಿರಬೇಕೆಂದು ತಾನು ಖುಷಿಪಟ್ಟಿದ್ದೆ, ಎಂದಳು. ತಂತಿ ಬೆಸೆಯುವಾಗ ಸುಡುವ ರಾಳವದೆಂದು ಆಕೆಗೆ ಹೇಗೆ ತಿಳಿಯಬೇಕು?

ಸುರೇಖಾ ಅಳಲಿಲ್ಲ. ನೆಲ ನೋಡುತ್ತ ಹೇಳಿದಳು. ಕಲಿತು ಮೂರು ವರ್ಷವಾಯಿತು, ಹುಡುಗಿಯ ಕೈಗೆ ಯಾವ ಅಂಗಡಿಯವರೂ ಟಿ.ವಿ. ರಿಪೇರಿಗೆ ಕೊಡಲಿಲ್ಲ. ಅವ್ವನ ಜೊತೆ ಮೆಣಸಿನಕಾಯಿ ಚೀಲ ಹೊಲಿಯುತ್ತಾಳೆ. ಖಾರದ ಘಾಟಿಗೆ ಅವ್ವನ ಎದೆ ಹಿಡಿದುಹೋಗಿದೆ. ತನಗೂ ಈ ಸುಗ್ಗಿಯಿಂದ ಕೆಮ್ಮು ಶುರುವಾಗಿದೆ. ಟರ್ಬೊ ಚೂರು ಹಳೆಯ ಚೀನಾ ರಿಮೋಟಿನದು.

“ಆ ಕೆಲಸ ನನ್ನ ಉಸರ ಇತ್ತು. ಟವೆಲ್ ಕೆಳಗ ಹಿಂಗ ಐತಿ ಅಂತ ನನಗ ಗೊತ್ತಿದ್ದಿಲ್ಲ.”

“ಗೊತ್ತಿದ್ದರ?” ಎಂದು ಕೇಳಿದರು ಪರಮೇಶಪ್ಪ.

ಆಕೆ ಮೈಲೇಶನ ಕೈಯನ್ನು ನೋಡಿದಳು. “ಗೊತ್ತಿಲ್ರಿ,” ಎಂದಳು. ಸುಳ್ಳು ಹೇಳಲಿಲ್ಲ.

*

ತಪ್ಪು ಸುರೇಖಾಳದೆಂದು ವೀರೇಂದ್ರ ಮೈಕಿನಲ್ಲಿ ಹೇಳಿದ. ಆಕೆಗೆ ಮೂರೂ ಊರಿನ ಆಟ ಮುಚ್ಚಿತು. ಕೇಸು ಬರೆಸಬೇಕೇ ಎಂದು ಪರಮೇಶಪ್ಪನವರು ಕೇಳಿದಾಗ ಮೈಲೇಶ ತಲೆಯಾಡಿಸಿದ, ಬೇಡವೆಂದು.

ಆದರೆ ಅವನ ಕಷ್ಟ ತೀರಿರಲಿಲ್ಲ. ಹೆಸರು ಉಳಿದಿತ್ತು, ಹಲಗೆ ಸತ್ತಿತ್ತು. ಗಂಟೆ ಹನ್ನೊಂದು. ಬೇರೆ ರಿಮೋಟ್ ಕೊಟ್ಟರೆ ಅವನ ಕೈಗೆ ಕೂರದು. ಭಾನುವಾರ ರಿಪೇರಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಸಾಹುಕಾರರು ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ದೇವವ್ವ ಅವರ ದಾರಿಗೆ ಅಡ್ಡ ನಿಂತು ಕೈಮುಗಿದಳು. ಅವರು ಗಡಿಯಾರ ನೋಡಿ, ಹದಿನೈದು ನಿಮಿಷ ಎಂದರು.

ಆ ಫೈನಲ್ ಯಾರು ಗೆದ್ದರೆಂದು ಹಾವೇರಿಗೆ ಹೋದವರಿಗೆ ಗೊತ್ತಾಗುತ್ತದೆ. ಹೊಸ ಅಂಗಡಿಯ ಕುರ್ಚಿಯಲ್ಲಿ ಮೈಲೇಶ ಕೂತಿರುತ್ತಾನೆ. ಮೂರನೆಯ ಸುತ್ತಿನವರೆಗೆ ಹೋದ ಆಟವದು. ಸೋತ ರುದ್ರಮುನಿಯೇ ಮೊದಲು ಎದ್ದು ಅವನ ಆ ಕೈಯನ್ನು ಹಿಡಿದು ಕುಲುಕಿದ. ಆದರೆ ಅದಕ್ಕೂ ಮುಂಚಿನ ಹದಿನೈದು ನಿಮಿಷವನ್ನು ಕಂಡವರು ಆಟಕ್ಕಿಂತ ಅದನ್ನೇ ಹೆಚ್ಚು ನೆನೆಯುತ್ತಾರೆ.

ಸುರೇಖಾ ಹೊರಗೆ ಹೋಗಿದ್ದಳು. ಹೋದವಳು ತಿರುಗಿ ಬಂದಳು. ಕೈಯಲ್ಲಿ ತಾನು ಮನೆಯಿಂದ ತಂದಿದ್ದ ಬೆಸುಗೆ ಹಾಕುವ ಕಡ್ಡಿ ಇತ್ತು. ಯಾರ ಅನುಮತಿಯನ್ನೂ ಕೇಳಲಿಲ್ಲ. ಕಡ್ಡಿಯನ್ನು ಪ್ಲಗ್ಗಿಗೆ ಸಿಕ್ಕಿಸಿ, ಮೈಲೇಶನ ಮುಂದೆ ನೆಲಕ್ಕೆ ಕೂತು, ಚೀಲದಿಂದ ಪೆಟ್ಟಿಗೆ ತೆಗೆದು ಮಗುಚಿದಳು. ಹುಡುಗರು ಗುರುಗುಟ್ಟಿದರು. ಪರಮೇಶಪ್ಪನವರು ಕೈ ಎತ್ತಿ ಸುಮ್ಮನಿರಿಸಿದರು.

ಆಕೆ ಹಸಿರು ಚೂರನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಕಿತ್ತಿದ್ದ ತಂತಿಯ ತುದಿಯನ್ನು ಉಜ್ಜಿ, ಅದು ಮೊದಲು ಇದ್ದಲ್ಲೇ ಹಿಡಿದು ಬೆಸೆದಳು. ನಡುವೆ ಕೆಮ್ಮು ಬಂದಾಗ ಮುಖ ತಿರುಗಿಸಿ ಕೆಮ್ಮಿ, ಮತ್ತೆ ಬಾಗಿದಳು. ನಾಲ್ಕು ಸ್ಕ್ರೂಗಳನ್ನೂ ತಿರುಗಿಸಿದಳು. ಪೆಟ್ಟಿಗೆಯನ್ನು ಟಿ.ವಿ.ಗೆ ಸಿಕ್ಕಿಸಿ ತನ್ನ ಅಂಗೈಯನ್ನು ಹಲಗೆಯ ಮೇಲೆ ಹೇರಿದಳು. ಪರದೆಯ ಜಟ್ಟಿ ಒಂದು ಗುದ್ದು ಹೊಡೆದ.

ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೈಲೇಶನ ಮಡಿಲಿಗೆ ಕೊಟ್ಟಳು. ಅವನು ತೆಗೆದುಕೊಂಡ.